ಬೆಳದಿಂಗಳಿಲ್ಲದ ರಾತ್ರಿ: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

ಮಾನ್ಯರೇ, ನಮಸ್ಕಾರ.

ವಿಜಯಪುರದಿಂದ ನೀವು ಕಳಿಸಿದ ಪತ್ತೇದಾರಿ ಕಾದಂಬರಿಯನ್ನು ಎರಡು ಸಲ ಓದಿದೆ. 1947ರ ಆಗಸ್ಟ್ 14ರ ರಾತ್ರಿ ಕಲೆಕ್ಟರ್ ಕಚೇರಿಯ ದಫ್ತರದ ಕಾರಕೂನನ ಕೊಲೆಯಾಗುತ್ತದೆ. ಯುದ್ಧಕಾಲದಲ್ಲಿ ರೇಷನ್ ಜೋಳವನ್ನು ಕಾಳಸಂತೆಯಲ್ಲಿ ಮಾರಿದ್ದ ಅಡತಿ ವ್ಯಾಪಾರಿಯೊಬ್ಬ, ತನ್ನ ಮೇಲಿನ ಕಾಗದಪತ್ರಗಳು ಹೊಸ ಸರ್ಕಾರದ ಕೈಸೇರಬಾರದೆಂದು ಆ ಕೃತ್ಯ ಎಸಗಿ ಜಮಖಂಡಿಗೆ ಓಡಿಹೋಗುತ್ತಾನೆ. ಕಥೆಯ ಬೀಜ ಗಟ್ಟಿಯಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ತಾರೀಖನ್ನು ಅಳಿಸಿ 1960 ಎಂದು ಬರೆದರೂ ನಿಮ್ಮ ಕಥೆ ಹೀಗೇ ನಡೆದುಹೋಗುತ್ತದೆ ಎಂಬುದೇ ಅದಕ್ಕೆ ಕಾರಣ.

ನಾಲ್ಕನೆಯ ಅಧ್ಯಾಯವನ್ನೇ ನೋಡಿ. ನಡುರಾತ್ರಿ ಗೋಳಗುಮ್ಮಟದ ಹಿಂದೆ ಹಾಯ್ದುಹೋದ ಕೊಲೆಗಾರನನ್ನು ಕಚೇರಿಯ ಚಪರಾಸಿ 'ಹಾಲಿನಂಥ ಬೆಳದಿಂಗಳಲ್ಲಿ' ಗುರುತು ಹಿಡಿಯುತ್ತಾನೆ, ಮುಂದಿನ ತನಿಖೆಯೆಲ್ಲ ಆ ಒಂದು ಸಾಕ್ಷಿಯ ಮೇಲೆ ನಿಂತಿದೆ. ಆದರೆ ಅಮಾವಾಸ್ಯೆ ಬಂದದ್ದು ಆಗಸ್ಟ್ 16ರಂದು. 14ರ ನಡುರಾತ್ರಿ ಆಕಾಶದಲ್ಲಿ ಚಂದ್ರನೇ ಇರಲಿಲ್ಲ, ಮೇಲಾಗಿ ಅದು ಮಳೆಗಾಲ. ಇದನ್ನು ತಪ್ಪೆಂದು ತಿದ್ದಿ ಕೈತೊಳೆದುಕೊಳ್ಳಬೇಡಿ. ಚಪರಾಸಿ ಹಾಗೆಯೇ ಹೇಳಲಿ, ಮೂರು ಅಧ್ಯಾಯಗಳ ನಂತರ ಯಾರದೋ ಮನೆಯ ಗೂಟಕ್ಕೆ ನೇತುಹಾಕಿದ ಪಂಚಾಂಗದ ಮೇಲೆ, ತನಿಖೆ ನಡೆಸುವ ಪೊಲೀಸ್ ಅಧಿಕಾರಿಯಾದ ನಿಮ್ಮ ಫೌಜದಾರನ ಕಣ್ಣು ಬೀಳಲಿ. ಕತ್ತಲಲ್ಲಿ ಕಾಣದ ಮುಖವನ್ನು ಕಂಡೆನೆಂದು ಚಪರಾಸಿ ಏಕೆ ಹೇಳಿದ ಎನ್ನುವ ಪ್ರಶ್ನೆಯಿಂದ ನಿಮ್ಮ ನಿಜವಾದ ರಹಸ್ಯ ಆರಂಭವಾಗುತ್ತದೆ.

ಹೆಣವನ್ನು ಆಳೆತ್ತರದ ಬಿಳಿಜೋಳದ ಹೊಲದಲ್ಲಿ ಬಚ್ಚಿಟ್ಟಿದ್ದೀರಿ. ನಮ್ಮ ಎರೆಭೂಮಿಯಲ್ಲಿ ಬಿಳಿಜೋಳ ಹಿಂಗಾರಿ ಬೆಳೆಯೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆಗಸ್ಟಿನಲ್ಲಿ ಆ ಹೊಲ ಹರಗಿ ಬಿಟ್ಟ ಬರಿಯ ಕರಿನೆಲ, ಅಲ್ಲಿ ಒಂದು ನಾಯಿಯೂ ಮರೆಯಾಗಲಾರದು. ಆದರೆ ಮಳೆ ಬಿದ್ದ ಎರೆಮಣ್ಣು ಕಾಲ್ಮರಿಯ ಅಡಿಗೆ ಹೆಜ್ಜೆಹೆಜ್ಜೆಗೂ ಮೆತ್ತಿಕೊಂಡು, ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಗಾದಿಯ ಮೇಲೆ ಕೂತು ಲೆಕ್ಕ ಬರೆಯುವ ವ್ಯಾಪಾರಿಯ ಅಂಗಡಿಯ ಬಾಗಿಲಲ್ಲಿ ಅಂಥದೊಂದು ಜೋಡು ಬಿದ್ದಿದ್ದರೆ ಸಾಕಲ್ಲವೇ?

ನನಗೆ ಹೆಚ್ಚು ಬೇಸರ ತಂದದ್ದು ಹನ್ನೊಂದನೆಯ ಅಧ್ಯಾಯ. ನಿಮ್ಮ ಫೌಜದಾರ ಕೃಷ್ಣೆಯನ್ನು ಒಂದೇ ವಾಕ್ಯದಲ್ಲಿ ದಾಟಿ ಜಮಖಂಡಿ ಪೇಟೆಯಲ್ಲಿ ಆರೋಪಿಗೆ ಬೇಡಿ ತೊಡಿಸುತ್ತಾನೆ. ಆಣೆಕಟ್ಟುಗಳಿಲ್ಲದ ಕಾಲದಲ್ಲಿ ಶ್ರಾವಣದ ಕೃಷ್ಣೆ ಅಷ್ಟು ಸುಲಭವಾಗಿ ದಾರಿ ಬಿಡುವ ಹೊಳೆಯಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿಜಾಪುರ ಮುಂಬೈ ಪ್ರಾಂತದ ಜಿಲ್ಲೆಯಾಗಿದ್ದರೆ ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಂಬೈ ಪ್ರಾಂತದಲ್ಲಿ ಅದು ವಿಲೀನಗೊಂಡದ್ದು 1948ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಹೊಳೆಯಾಚೆಯ ಫೌಜದಾರ ಅಲ್ಲಿ ತಾನಾಗಿಯೇ ಯಾರನ್ನೂ ಹಿಡಿದೊಯ್ಯುವಂತಿರಲಿಲ್ಲ. ವ್ಯಾಪಾರಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ಅವನು ಅಲ್ಲಿಗೆ ಓಡಿದ. ಈ ದಡದಲ್ಲಿ ಕಾಯುವ ಒಬ್ಬ, ಆ ದಡದಲ್ಲಿ ನಿಶ್ಚಿಂತನಾಗಿ ವಹಿವಾಟು ನಡೆಸುವ ಇನ್ನೊಬ್ಬ, ನಡುವೆ ಕುಸಿಯುತ್ತಿರುವ ಒಂದು ಗಡಿ: ಈ ಏಳು ತಿಂಗಳೇ ನಿಮ್ಮ ಕಾದಂಬರಿಯ ಉತ್ತರಾರ್ಧವಾಗಬೇಕಿತ್ತು. ನೀವು ಅದನ್ನು ಅರ್ಧ ಪುಟದಲ್ಲಿ ಮುಗಿಸಿದ್ದೀರಿ.

ಅಮಲ್ದಾರ, ಶಾನುಭೋಗ ಎಂಬವರು ಮೈಸೂರು ಸೀಮೆಯವರು. ನಮ್ಮಲ್ಲಿ ಮಾಮಲೇದಾರ, ಕುಲಕರ್ಣಿ ಎನ್ನುತ್ತಿದ್ದರು. ಪಾತ್ರಗಳ ಬಾಯಲ್ಲಿ 'ವಿಜಯಪುರ' ಬೇಡ, ಆ ಹೆಸರು ಅಧಿಕೃತವಾದದ್ದು 2014ರಲ್ಲಿ. ಕೊನೆಗೆ ಸೇರಿಸಿದ ರಜಾಕಾರರ ಅಧ್ಯಾಯವನ್ನು ತೆಗೆದುಬಿಡಿ. ಅದು ಇನ್ನೊಂದು ಕಾದಂಬರಿಯ ವಸ್ತು, ಇಲ್ಲಿ ಹದಿನೈದು ಪುಟಗಳಲ್ಲಿ ಅದಕ್ಕೆ ನ್ಯಾಯ ಸಿಕ್ಕಿಲ್ಲ.

ಇಷ್ಟು ದೀರ್ಘವಾಗಿ ಬರೆಯಲು ಕಾರಣ ಆರನೆಯ ಅಧ್ಯಾಯದ ಒಂದು ಪುಟ. ಹೊರಗೆ ಓಣಿಯಲ್ಲಿ ಪ್ರಭಾತಫೇರಿ ಸಾಗುತ್ತಿರುವಾಗ ಕಾರಕೂನನ ಹೆಂಡತಿ ಗಂಡನ ಕೋಟಿನ ಕಿಸೆಯಲ್ಲಿ ಸಿಕ್ಕ ಚಿಲ್ಲರೆಯನ್ನು ಎಣಿಸುತ್ತಾಳೆ, ಏಳಾಣೆ ಮೂರು ಪೈ. ರಾಜನ ಮುಖವಿರುವ ಆ ನಾಣ್ಯಗಳು ನಾಳೆ ಅಂಗಡಿಯಲ್ಲಿ ನಡೆಯುತ್ತವೆಯೋ ಇಲ್ಲವೋ ಎಂದು ಪಕ್ಕದ ಮನೆಯವಳನ್ನು ಕೇಳುತ್ತಾಳೆ. ಆ ಪುಟ ಓದಿ ನಾನು ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ. ಅದರ ಒಂದಕ್ಷರವನ್ನೂ ಮುಟ್ಟಬೇಡಿ. ನಾಲ್ಕನೆಯ ಅಧ್ಯಾಯವನ್ನೂ ಜಮಖಂಡಿಯ ಭಾಗವನ್ನೂ ಹೊಸದಾಗಿ ಬರೆದು, ಅವೆರಡನ್ನು ಮಾತ್ರ ದೀಪಾವಳಿಯ ಹೊತ್ತಿಗೆ ನನಗೆ ಕಳಿಸಿರಿ.

ತಮ್ಮ ವಿಶ್ವಾಸಿ,
ಸಂಪಾದಕ, ಬೆಳಗಾವಿ