ಓದುಗರ ಪ್ರಶ್ನೆ: ಹೊತ್ತಿ ಉರಿಯುವ ಹಡಗಿನ ಚಿತ್ರ

ಪ್ರಶ್ನೆ: ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಿಂದ ಒಂದು ಚಿತ್ರ ತಂದಿದ್ದೇವೆ. ಕೋಟೆ, ಹೊಗೆ, ಉರಿಯುವ ಹಡಗುಗಳು. ಕೆಳಗೆ ಇಂಗ್ಲಿಷಿನಲ್ಲಿ ‘ಘೇರಿಯಾ, 1756’ ಎಂದಿದೆ. ಇದು ಯಾವ ಊರು? ಚಿತ್ರ ಅಸಲಿಯೋ ಅಲ್ಲವೋ ಮನೆಯಲ್ಲೇ ತಿಳಿಯಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಘೇರಿಯಾ ಎಂದರೆ ಕೊಂಕಣದ ವಿಜಯದುರ್ಗ, ಮರಾಠಾ ನೌಕಾನಾಯಕ ತುಳಾಜಿ ಆಂಗ್ರೆಯ ಕೋಟೆ. 1756ರ ಫೆಬ್ರುವರಿಯಲ್ಲಿ ಇಂಗ್ಲಿಷ್ ನೌಕಾಪಡೆಯ ಅಡ್ಮಿರಲ್ ವಾಟ್ಸನ್ ಸಮುದ್ರದಿಂದ ಗುಂಡು ಸುರಿಸಿದ. ಈಸ್ಟ್ ಇಂಡಿಯಾ ಕಂಪನಿಯ ರಾಬರ್ಟ್ ಕ್ಲೈವ್ ಪಡೆಯೊಂದಿಗೆ ದಡಕ್ಕಿಳಿದ.

ಅಸಲಿಯೋ ಎಂದು ನೋಡಲು ಹೊಗೆಯ ಭಾಗಕ್ಕೆ 10 ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಸಾಲಾಗಿ, ಸಮ ಅಂತರದಲ್ಲಿ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ಯಂತ್ರದ ಮುದ್ರಣ, ಮುಂದೆ ನೋಡುವುದೇ ಬೇಡ. ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ್ದಾದರೆ ಗೆರೆಗಳು ನಡುವೆ ದಪ್ಪಗಾಗಿ ತುದಿಯಲ್ಲಿ ಸಣ್ಣಗಾಗುತ್ತವೆ. ಗೆರೆಯೇ ಇಲ್ಲದೆ ರವೆ ಚೆಲ್ಲಿದಂಥ ಒರಟು ಕಣಗಳಿದ್ದರೆ ಅದು ಆಕ್ವಾಟಿಂಟ್: ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಆಮ್ಲದಿಂದ ಕೊರೆಯುವ ವಿಧಾನ. ಇಂಗ್ಲೆಂಡಿನಲ್ಲಿ ಅದು ಬಳಕೆಗೆ ಬಂದದ್ದು 1770ರ ದಶಕದಲ್ಲಿ. ಹಾಗಿದ್ದರೆ ನಿಮ್ಮ ಚಿತ್ರ 1756ರದ್ದಲ್ಲ, ಆಮೇಲಿನದ್ದು.

ಅಂಚನ್ನೂ ಬೆರಳಿನಿಂದ ಸವರಿ ನೋಡಿ. ಒದ್ದೆ ಕಾಗದವನ್ನು ತಗಡಿನೊಂದಿಗೆ ರೋಲರಿನಡಿ ಹಾಯಿಸಿದಾಗ ಸುತ್ತಲೂ ತಗ್ಗಿನ ಗುರುತು ಮೂಡುತ್ತದೆ. ಅದಿಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಬೇಡಿ: ಫ್ರೇಮಿಗೆ ಕೂರಿಸಲು ಅಂಚು ಕತ್ತರಿಸಿದವರು ಬಹಳ. ಅದಿದ್ದರೂ ಅಸಲಿ ಎಂದು ನಿಶ್ಚಿಂತರಾಗುವಂತಿಲ್ಲ, ಹಳೇ ತಗಡಿನಿಂದ ಎಷ್ಟೋ ವರ್ಷದ ಮೇಲೂ ಪ್ರತಿ ತೆಗೆದದ್ದುಂಟು.

ಕೆಳಗಿನ ಬರಹವೇ ಹೆಚ್ಚು ಮಾತಾಡುತ್ತದೆ. ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರನ ಹೆಸರು, ಬಲಕ್ಕೆ ತಗಡು ಕೊರೆದವನದು, ನಡುವೆ ಪ್ರಕಾಶಕ ಮತ್ತು ತಾರೀಕು. ನಕಲು ತಡೆಯುವ 1735ರ ಇಂಗ್ಲಿಷ್ ಕಾಯ್ದೆಯ ರಕ್ಷಣೆ ಬೇಕಿದ್ದರೆ ಹಕ್ಕುದಾರನ ಹೆಸರು, ತಾರೀಕು ಎರಡನ್ನೂ ಅಚ್ಚೊತ್ತಲೇಬೇಕಿತ್ತು. ಶೀರ್ಷಿಕೆಯ ‘1756’ ಯುದ್ಧದ ವರ್ಷ, ಅಚ್ಚಾದ ವರ್ಷವಲ್ಲ. ಲಂಡನ್ನಿನ ಚಿತ್ರಕಾರ ಡೊಮಿನಿಕ್ ಸೆರ್ರೆಸ್ ಈ ಯುದ್ಧದ ತೈಲಚಿತ್ರ ಬರೆದದ್ದೇ 1771ರಲ್ಲಿ.

ಚಿತ್ರವನ್ನು ಕಣ್ಣಾರೆ ಕಂಡ ಸಾಕ್ಷಿಯೆಂದು ನಂಬಬೇಡಿ, ಲಂಡನ್ನಿನ ಗಿರಾಕಿಗಾಗಿ ಮಾಡಿದ ಸರಕು ಇದು. ನಿಜದಲ್ಲಿ ನಡೆದದ್ದಿಷ್ಟು: ಆಂಗ್ರೆಯ ಹಡಗುಗಳನ್ನು ಒಂದಕ್ಕೊಂದು ಬಿಗಿದಿದ್ದರು. ಒಂದರ ಮೇಲೆ ಬಿದ್ದ ಸಿಡಿಗುಂಡಿನಿಂದ ಹತ್ತಿದ ಬೆಂಕಿ ಉಳಿದವಕ್ಕೂ ಹಬ್ಬಿತು. ಇನ್ನು, ಪೇಶ್ವೆಯ ಸೈನ್ಯ ಇಂಗ್ಲಿಷರ ಜೊತೆಗಿತ್ತು. ನಿಮ್ಮ ಚಿತ್ರದಲ್ಲಿ ಅದರ ಒಂದು ಡೇರೆಯಾದರೂ ಇದೆಯೇ, ಹುಡುಕಿ.

ಪ್ರಶ್ನೆ: ಇಂಥದೇ ಚಿತ್ರದ ಮೇಲೆ ಕಂದು ಚುಕ್ಕೆ ಎದ್ದಿದೆ. ಬ್ಲೀಚಿಂಗ್ ಪುಡಿಯಲ್ಲಿ ಅದ್ದಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಬೇಡವೇ ಬೇಡ. ಚುಕ್ಕೆ ಹೋದರೂ ಕಾಗದದ ನಾರು ಸುಟ್ಟು ಪುಡಿಯಾಗುತ್ತದೆ. ಕೈಯಿಂದ ಹಚ್ಚಿದ ಜಲವರ್ಣವೂ ತೊಳೆದುಹೋಗುತ್ತದೆ. ಲ್ಯಾಮಿನೇಷನ್, ಸೆಲೋಟೇಪ್ ಎರಡೂ ವರ್ಜ್ಯ. ಹಿಂದಿನ ರಟ್ಟು ತೆಗೆಸಿ, ಆಮ್ಲರಹಿತ ಬೋರ್ಡ್ ಹಾಕಿಸಿ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಬೋರ್ಡಿನ ಚೌಕಟ್ಟು ಇರಲಿ. ಮಳೆಗಾಲದಲ್ಲಿ ನೀರು ಜಿನುಗುವ ಗೋಡೆಗೆ ತೂಗುಹಾಕಿದರೆ ಚುಕ್ಕೆ ಮತ್ತೆ ಏಳುತ್ತದೆ, ಒಳಗೋಡೆಗೆ ಸರಿಸಿ.