2 ಜಿಬಿ ರ್‍ಯಾಮ್‌ನ ಹಳೇ ಕಂಪ್ಯೂಟರ್‌ನಲ್ಲಿ ಡೇಟಾಬೇಸ್ ಓಡಿಸಬಹುದೇ?

ಸಾಗರದ ಹತ್ತಿರದ ನಿಮ್ಮ ಊರಿನ ಗ್ರಂಥಾಲಯಕ್ಕೆ ಯಾರೋ 2 ಜಿಬಿ ರ್‍ಯಾಮ್‌ನ ಹಳೇ ಕಂಪ್ಯೂಟರ್ ಕೊಟ್ಟಿದ್ದಾರೆ. 4000 ಕನ್ನಡ ಪುಸ್ತಕಗಳ ಪಟ್ಟಿ ಅದರಲ್ಲಿ ಇಡಬೇಕು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಪ್ರೋಗ್ರಾಂ ಹಾಕಿದ ಮೇಲೆ ಯಂತ್ರ ಏದುಸಿರು ಬಿಡುತ್ತಿದೆ, ಹೊಸದು ಕೊಳ್ಳಬೇಕಾ ಅಂತ ಕೇಳಿದ್ದೀರಿ.

ಬೇಡ. ಆ ದುಡ್ಡಿನಲ್ಲಿ ಯುಪಿಎಸ್‌ಗೆ ಒಂದು ಹೊಸ ಬ್ಯಾಟರಿ ಹಾಕಿಸಿ, ಉಳಿದಿದ್ದಕ್ಕೆ ಪುಸ್ತಕ ತನ್ನಿ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮನೆ ಅಡಿಕೆ ಲೆಕ್ಕ ಆರು ವರ್ಷದಿಂದ ಇಂಥದ್ದೇ ಒಂದು ಡಬ್ಬಾ ಕಂಪ್ಯೂಟರ್‌ನಲ್ಲಿ ನಡೆಯುತ್ತಿದೆ. ಅದಕ್ಕೂ 2 ಜಿಬಿ ರ್‍ಯಾಮ್, ಗರಗರ ಅನ್ನುವ ಹಾರ್ಡ್ ಡಿಸ್ಕ್. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನ ಕೂಲಿ, ಸುಲಿಯಲು ಬರುವವರು ದಿನಕ್ಕೆ ಎಷ್ಟು ಡಬ್ಬ ಸುಲಿದರು, ಮಂಡಿಗೆ ಹೋದ ಚೀಲದಲ್ಲಿ ಅಡಿಕೆಯ ತರಗಳಾದ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಎಲ್ಲ ಅದರಲ್ಲೇ. ಆರು ವರ್ಷದ ಲೆಕ್ಕ ಸೇರಿ ಫೈಲ್ 11 ಎಂಬಿ ಆಗಿದೆ. ಫೋನಿನಲ್ಲಿ ತೆಗೆದ ಮೂರ್ನಾಲ್ಕು ಫೋಟೋದಷ್ಟು.

ನಿಮ್ಮ ತೊಂದರೆ ಇರುವುದು ಯಂತ್ರದಲ್ಲಲ್ಲ. ಮೈಎಸ್‌ಕ್ಯುಎಲ್ ಒಂದು ಸರ್ವರ್. ನೀವು ಪುಸ್ತಕ ಹುಡುಕಿದರೂ ಹುಡುಕದಿದ್ದರೂ ಅದು ಹಿಂದೆ ಓಡುತ್ತಲೇ ಇರುತ್ತದೆ. ಡೇಟಾ ಇಟ್ಟುಕೊಳ್ಳಲು ಮೆಮೊರಿಯಲ್ಲಿ ಹಿಡಿದಿಡುವ ಅದರ ಮುಖ್ಯ ಬಫರ್‌ಗೇ ಮೊದಲಿನಿಂದ 128 ಎಂಬಿ ಗೊತ್ತು ಮಾಡಿರುತ್ತಾರೆ. ಅದರ ಮೇಲೆ ಸರ್ವರ್ ಹೇಗೆ ಓಡುತ್ತಿದೆ ಅಂತ ಅಳೆಯುವ ಪರ್ಫಾರ್ಮೆನ್ಸ್ ಸ್ಕೀಮಾ ಅಂತ ಒಂದು ಇದೆ, ಅದೂ ಕೇಳದೆಯೇ ಶುರುವಾಗಿ ಮೆಮೊರಿ ತಿನ್ನುತ್ತದೆ. ಮೈಎಸ್‌ಕ್ಯುಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿ ಎಂಬ ಸರ್ವರಿನಲ್ಲಿ ಇದು ಮೊದಲೇ ಆಫ್ ಇರುತ್ತದೆ. ಹಾಗಾಗಿ ಸರ್ವರೇ ಬೇಕು ಅಂತಿದ್ದರೆ ಅದು ಸ್ವಲ್ಪ ವಾಸಿ. ಆದರೆ ಒಂದು ಕಂಪ್ಯೂಟರ್, ಒಬ್ಬ ಗ್ರಂಥಪಾಲಕ, 4000 ಪುಸ್ತಕ. ಇದಕ್ಕೆ ಸರ್ವರ್ ಯಾಕೆ ಹೇಳಿ?

ಎಸ್‌ಕ್ಯೂಲೈಟ್ ಹಾಕಿಕೊಳ್ಳಿ. ಅದರಲ್ಲಿ ಸರ್ವರ್ ಅನ್ನುವುದೇ ಇಲ್ಲ. ಇಡೀ ಡೇಟಾಬೇಸ್ ಒಂದೇ ಫೈಲ್. ನಿಮ್ಮ ಪ್ರೋಗ್ರಾಂ ಆ ಫೈಲನ್ನು ನೇರವಾಗಿ ತೆರೆದು ಓದಿ ಬರೆದು ಮುಚ್ಚುತ್ತದೆ. ಮೆಮೊರಿಯಲ್ಲಿ ಡೇಟಾ ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗಕ್ಕೆ, ಅಂದರೆ ಕ್ಯಾಶ್‌ಗೆ, ಅದು ಮೊದಲಿಗೆ ಇಟ್ಟುಕೊಳ್ಳುವುದು ಸುಮಾರು 2 ಎಂಬಿ ಮಾತ್ರ. ರಿಚರ್ಡ್ ಹಿಪ್ ಎಂಬುವರು ಅಮೆರಿಕದ ಯುದ್ಧನೌಕೆಯೊಂದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದರು. ಡೇಟಾಬೇಸ್ ಸರ್ವರ್ ನಿಂತಾಗಲೆಲ್ಲ ಇವರ ಪ್ರೋಗ್ರಾಂ ಕೂಡ ನಿಲ್ಲುತ್ತಿತ್ತು. ಸರ್ವರೇ ಇಲ್ಲದ ಡೇಟಾಬೇಸ್ ಯಾಕಿರಬಾರದು ಅಂತ ಹೊರಟು 2000ದಲ್ಲಿ ಇದನ್ನು ಬಿಟ್ಟರು. ಲೈಸೆನ್ಸ್ ರಗಳೆ ಇಲ್ಲ, ಪೂರ್ತಿ ಸಾರ್ವಜನಿಕ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಮೆಸೇಜ್‌ಗಳು ಕೂತಿರುವುದೂ ಇದರಲ್ಲೇ. ಕಣ್ಣಿಗೆ ಕಾಣುವ ಹಾಗೆ ಕೆಲಸ ಮಾಡಲು ಡಿಬಿ ಬ್ರೌಸರ್ ಅನ್ನುವ ಉಚಿತ ಪ್ರೋಗ್ರಾಂ ಸಿಗುತ್ತದೆ. ಅದರಲ್ಲಿ ಬದಲಾವಣೆ ಬರೆಯುವ ಬಟನ್ ಒತ್ತುವವರೆಗೆ ಏನೂ ಉಳಿಯುವುದಿಲ್ಲ, ನೆನಪಿರಲಿ.

ಇನ್ನು ಕರೆಂಟ್. ಜೂನ್ ಬಂತು ಅಂದರೆ ನಮ್ಮ ಕಡೆ ಯಾವ ಮರ ಯಾವ ಲೈನ್ ಮೇಲೆ ಬೀಳುತ್ತದೋ ಹೇಳಲು ಬರುವುದಿಲ್ಲ, ಅಲ್ವಾ? ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಕೆಡುವುದಿಲ್ಲ. ಬದಲಿಸುವ ಮುಂಚೆ ಹಳೆಯದನ್ನು ಪಕ್ಕದಲ್ಲಿ ಜರ್ನಲ್ ಎಂಬ ಬಾಲದ ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಮತ್ತೆ ತೆರೆದಾಗ ಅದನ್ನು ನೋಡಿ ಅರ್ಧಕ್ಕೆ ನಿಂತಿದ್ದನ್ನು ವಾಪಸ್ ಮಾಡುತ್ತದೆ. ಅದಕ್ಕೇ ಆ ಫೈಲ್ ಕಂಡರೆ ಕಸ ಅಂತ ಅಳಿಸಬೇಡಿ. ವೇಗಕ್ಕೆ ಸಿಂಕ್ರೊನಸ್, ಅಂದರೆ ಬರೆದದ್ದು ಡಿಸ್ಕಿಗೆ ನಿಜವಾಗಿ ಸೇರುವವರೆಗೆ ಕಾಯುವುದನ್ನು, ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ, ನಗರದವರು ಹೇಳಿದ್ದು ಅಂತ ಬಿಟ್ಟುಬಿಡಿ.

ನಾನು ಪೆಟ್ಟು ತಿಂದಿದ್ದು ಕರೆಂಟ್‌ನಿಂದಲ್ಲ, ಕಾಪಿಯಿಂದ. ಎಸ್‌ಕ್ಯೂಲೈಟ್‌ಗೆ ವಾಲ್ ಅಂತ ಬರೆಯುವ ಇನ್ನೊಂದು ವಿಧಾನ ಇದೆ, 2010ರಿಂದ ಬಂದಿದ್ದು. ಅದರಲ್ಲಿ ಹೊಸ ನಮೂದು ಮೊದಲು ವಾಲ್ ಎಂಬ ಬಾಲದ ಪಕ್ಕದ ಫೈಲಿಗೆ ಹೋಗುತ್ತದೆ. ಸುಮಾರು 1000 ಪುಟ, ಅಂದರೆ ಹೆಚ್ಚುಕಡಿಮೆ 4 ಎಂಬಿ ತುಂಬಿದಾಗ, ಇಲ್ಲವೇ ಪ್ರೋಗ್ರಾಂ ಸರಿಯಾಗಿ ಮುಚ್ಚಿದಾಗ ಮುಖ್ಯ ಫೈಲಿಗೆ ಸೇರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಒಂದು ಡಿಸೆಂಬರ್, ಸುಲಿಯುವ ಕೆಲಸ ಜೋರು. ಪ್ರೋಗ್ರಾಂ ಹಗಲು ರಾತ್ರಿ ತೆರೆದೇ ಇತ್ತು. ಮಲಗುವ ಮುಂಚೆ ಮುಖ್ಯ ಫೈಲ್ ಒಂದನ್ನೇ ಪೆನ್ ಡ್ರೈವ್‌ಗೆ ಹಾಕಿ, ಬ್ಯಾಕಪ್ ಆಯ್ತು ಅಂತ ಮಲಗುತ್ತಿದ್ದೆ. ಆ ವಾರವೇ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಪೆನ್ ಡ್ರೈವ್ ತೆರೆದು ನೋಡಿದರೆ ನಾಲ್ಕು ದಿನದ ಡಬ್ಬದ ಲೆಕ್ಕವೇ ಇಲ್ಲ. ಶನಿವಾರ ಬಟವಾಡೆ ಬೇರೆ. ಸುಲಿಯಲು ಬರುವ ಅಕ್ಕ ಒಬ್ಬರು ನನ್ನ ಮುಖ ನೋಡಿ, "ಬನ್ನಿ ಇಲ್ಲಿ" ಅಂತ ಕೊಟ್ಟಿಗೆ ಗೋಡೆ ತೋರಿಸಿದರು. ಮೆಟ್ಟುಗತ್ತಿ ಸಾಲಿನ ಹಿಂದೆ ಇದ್ದಿಲಿನ ಗೆರೆಗಳು. ಪ್ರತಿಯೊಬ್ಬರ ಡಬ್ಬಕ್ಕೆ ಒಂದೊಂದು, ಐದಕ್ಕೆ ಅಡ್ಡಗೆರೆ. ಗೋಡೆ ನೋಡಿಕೊಂಡೇ ಬಟವಾಡೆ ಮಾಡಿದೆ. ಅಪ್ಪಯ್ಯ ಈಗಲೂ ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿ ನಗುತ್ತಾರೆ.

ಆದ್ದರಿಂದ ಬ್ಯಾಕಪ್‌ಗೆ ಫೈಲ್ ಕಾಪಿ ಬೇಡ. ವ್ಯಾಕ್ಯೂಮ್ ಇಂಟು ಅಂತ ಒಂದು ಆದೇಶ ಇದೆ, 2019ರಿಂದ. ಪ್ರೋಗ್ರಾಂ ತೆರೆದಿದ್ದರೂ ಅದು ಎಲ್ಲವೂ ಸೇರಿದ ಹೊಸ ಫೈಲ್ ಮಾಡಿಕೊಡುತ್ತದೆ. ಅದನ್ನು ಪೆನ್ ಡ್ರೈವ್‌ಗೆ ಹಾಕಿ. ಅಥವಾ ಎಲ್ಲ ಮುಚ್ಚಿ ಆಮೇಲೆ ಕಾಪಿ ಮಾಡಿ.

ಪುಸ್ತಕದ ಪಟ್ಟಿ ತುಂಬುವಾಗ ಒಂದು ವಿಷಯ. ತಿರುಗುವ ಡಿಸ್ಕ್‌ನಲ್ಲಿ ಒಂದೊಂದೇ ಸಾಲು ಸೇರಿಸಿದರೆ ಸೆಕೆಂಡಿಗೆ 60ರ ಆಸುಪಾಸು ಮಾತ್ರ ಆಗುತ್ತದೆ, ಪ್ರತಿ ಸಲವೂ ಡಿಸ್ಕ್ ಸುತ್ತು ಬರುವವರೆಗೆ ಕಾಯಬೇಕು. ನಿಮ್ಮ 4000ಕ್ಕೆ ಒಂದು ನಿಮಿಷದ ಮೇಲೆ. ಮೊದಲು ಬಿಗಿನ್, ಕೊನೆಗೆ ಕಮಿಟ್ ಎಂಬ ಆದೇಶ ಹಾಕಿದರೆ ಎಲ್ಲ ಸಾಲೂ ಒಟ್ಟಿಗೆ ಸೇರಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಯಂತ್ರ ನಿಧಾನ ಅಂತ ಬೈಯುವವರಲ್ಲಿ ಅರ್ಧ ಜನ ಇಲ್ಲೇ ಎಡವಿರುತ್ತಾರೆ.

ಈಗ ಕನ್ನಡ ಹುಡುಕಾಟ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್‌ಕ್ಯೂಲೈಟ್‌ನಲ್ಲಿ ಎಫ್‌ಟಿಎಸ್5 ಅಂತ ಪಠ್ಯ ಹುಡುಕುವ ಸೌಲಭ್ಯ ಇದೆ. ಅದನ್ನು ಹಾಗೇ ಬಳಸಿದರೆ ಅದು ಅಕ್ಷರ ಮತ್ತು ಅಂಕಿ ಮಾತ್ರ ಪದದ ಭಾಗ ಅಂದುಕೊಳ್ಳುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಕೊಂಬು, ದೀರ್ಘ, ಒತ್ತಿನ ಚಿಹ್ನೆ ಅಕ್ಷರವಲ್ಲ, ಗುರುತು. ಹಾಗಾಗಿ ಅಲ್ಲೆಲ್ಲ ಪದ ಕತ್ತರಿಸಿ ಹೋಗುತ್ತದೆ. "ಕಾನು" ಅದಕ್ಕೆ ಬರೀ ಕ, ನ. "ಕೊನೆ" ಕೂಡ ಕ, ನ. ಕಾನು ಅಂತ ಹುಡುಕಿದರೆ ಕೊನೆ ಬರುತ್ತದೆ, ಕೀನ್ಯಾ ಕೂಡ ಬರುತ್ತದೆ! ಟೇಬಲ್ ಮಾಡುವಾಗಲೇ ಪದ ಬಿಡಿಸುವ ಯೂನಿಕೋಡ್61 ಟೋಕನೈಸರ್‌ನ ಕೆಟಗರೀಸ್ ಪಟ್ಟಿಗೆ, ಆ ಗುರುತುಗಳ ಗುಂಪಿನ ಹೆಸರಾದ ಎಂಎನ್, ಎಂಸಿ ಎರಡನ್ನೂ ಸೇರಿಸಿ. ಸರಿಹೋಗುತ್ತದೆ. ವಿಭಕ್ತಿಗೆ ಮಾತ್ರ ಅದರಲ್ಲಿ ಮದ್ದಿಲ್ಲ. "ಕಾಡು" ಕೊಟ್ಟರೆ "ಕಾಡಿನ" ಸಿಗುವುದಿಲ್ಲ. "ಕಾಡ" ಬರೆದು ಅದರ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ, ಎರಡೂ ಬರುತ್ತವೆ.

ನಿಜ ಹೇಳಬೇಕೆಂದರೆ 4000 ಪುಸ್ತಕಕ್ಕೆ ಎಫ್‌ಟಿಎಸ್ ಕೂಡ ಜಾಸ್ತಿಯೇ. ಸುಮ್ನೆ ಲೈಕ್ ಎಂಬ ಸಾದಾ ಹುಡುಕುವ ಆದೇಶ ಬಳಸಿ ಹುಡುಕಿದರೂ ನಿಮ್ಮ ಯಂತ್ರ ತಡವರಿಸುವುದಿಲ್ಲ. ಅಕಾರಾದಿಯಲ್ಲಿ ಒಂದು ಕೊಂಕು ಉಳಿಯುತ್ತದೆ: ವರ್ಣಮಾಲೆಯಲ್ಲಿ ಹ ಆದಮೇಲೆ ಬರುವ ಳ, ಯೂನಿಕೋಡ್‌ನಲ್ಲಿ ಲ ಪಕ್ಕ ಕೂತಿದೆ. ಹಾಗಾಗಿ ಕೆಲವು ಹೆಸರು ಜಾಗ ಬದಲಿಸುತ್ತವೆ. ನಾನಂತೂ ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ.

ಎಸ್‌ಕ್ಯೂಲೈಟ್ ಬೇಡ ಅನ್ನುವ ಸಂದರ್ಭವೂ ಇದೆ. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಮುಂದೆ ಎರಡು ಮೂರು ಕಂಪ್ಯೂಟರ್ ಬಂದು, ಫೈಲನ್ನು ಹಂಚಿದ ಫೋಲ್ಡರಿನಲ್ಲಿ ಇಟ್ಟು ಎಲ್ಲರೂ ಬರೆಯೋಣ ಅಂತ ಹೊರಟರೆ ಫೈಲ್ ಕೆಡುವ ಸಾಧ್ಯತೆ ಇದೆ, ನೆಟ್‌ವರ್ಕ್‌ನಲ್ಲಿ ಲಾಕ್ ನೆಚ್ಚಿಕೊಳ್ಳುವ ಹಾಗಿಲ್ಲ. ಆಗ ಮರಿಯಾಡಿಬಿ ಹಾಕಿ, ಬಫರ್ 128ರಿಂದ 32 ಎಂಬಿಗೆ ಇಳಿಸಿ ನೋಡಿ.

ಇನ್ನೊಂದು, ಸಣ್ಣದು. ಹಳೇ ಕಂಪ್ಯೂಟರ್ ಪ್ರತಿ ಸಲ ಆನ್ ಮಾಡಿದಾಗ ಹಳೇ ತಾರೀಖು ತೋರಿಸುತ್ತಿದ್ದರೆ ಒಳಗಿನ ಬಿಲ್ಲೆ ಸೆಲ್ ಸತ್ತಿದೆ. ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ಪುಸ್ತಕ ಒಯ್ದ ತಾರೀಖು ಎಲ್ಲ 2009 ಅಂತ ಕೂರುತ್ತದೆ.

ಪಟ್ಟಿ ಈಗಾಗಲೇ ಟೈಪ್ ಆಗಿದೆ ಅಂದಿರಿ. ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮಾಡಿದ್ದಾ, ಯೂನಿಕೋಡಾ? ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರದ ಗೋಜಲು ಕಂಡರೆ ಹಳೇ ಫಾಂಟ್. ಹಾಗಿದ್ದರೆ ತುಂಬುವ ಮುಂಚೆಯೇ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಬೇಕು. ಯಾವುದು ಅಂತ ಇಲ್ಲೇ ಕೆಳಗೆ ತಿಳಿಸಿ, ಟೇಬಲ್ ಹೇಗೆ ಮಾಡುವುದು ಅಂತ ಆಮೇಲೆ ಬರೆಯುತ್ತೇನೆ.