ಕೊಳೆ ಬರುವುದೇ ಇಲ್ಲ ಅಂದವರು ಯಾರು?

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಪ್ಯಾಸೇಜ್ ಓದಿ ಉತ್ತರಿಸುವ 10 ಪ್ರಶ್ನೆಗಳಲ್ಲಿ 6 ಸರಿಯಾಗುತ್ತವೆ. ಕೊನೆಗೆ ಎರಡು ಆಯ್ಕೆ ಉಳಿದಾಗ ಯಾವಾಗಲೂ ತಪ್ಪನ್ನೇ ಟಿಕ್ ಮಾಡುತ್ತೇನೆ. ಆಲ್, ನೆವರ್, ಓನ್ಲಿ ಇದ್ದರೆ ಆ ಆಯ್ಕೆಯನ್ನು ಕಣ್ಣುಮುಚ್ಚಿ ಬಿಡಿ ಅಂತ ಕೋಚಿಂಗ್‌ನಲ್ಲಿ ಹೇಳಿದ್ದರು. ಹಾಗೆ ಮಾಡಿ ಇನ್ನೂ ಅಂಕ ಹೋಯಿತು.
– ಒಬ್ಬ ಓದುಗಿ, ಶಿರಸಿ

ಉತ್ತರ: ಕಣ್ಣುಮುಚ್ಚಿದ್ದೇ ತಪ್ಪಾಯಿತು ನೋಡಿ. ನಿಮ್ಮ ಕಡೆಯ ವಿಷಯವನ್ನೇ ತೆಗೆದುಕೊಳ್ಳೋಣ. ಪ್ಯಾಸೇಜ್‌ನಲ್ಲಿ ಹೀಗಿದೆ ಅಂದುಕೊಳ್ಳಿ: 'ಮಳೆಗಾಲಕ್ಕೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆದರೆ ಅಡಿಕೆಯ ಕೊಳೆರೋಗ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಮಳೆ ಬಿಡದೆ ಹಿಡಿದರೆ ಔಷಧಿ ಹೊಡೆದ ತೋಟದಲ್ಲೂ ಕೊಳೆ ಕಾಣಿಸಬಹುದು.'

ಪ್ಯಾಸೇಜ್ ಪ್ರಕಾರ ಯಾವುದು ಸರಿ ಅನ್ನುವುದು ಪ್ರಶ್ನೆ. ಈಗ ಆಯ್ಕೆಗಳು. 'ಬೋರ್ಡೋ ಹೊಡೆದ ತೋಟಕ್ಕೆ ಕೊಳೆ ಬರುವುದೇ ಇಲ್ಲ.' 'ಕೊಳೆಗೆ ಬೋರ್ಡೋ ಒಂದೇ ಮದ್ದು.' 'ಕೆಲವು ರೈತರು ಬೇರೆ ಔಷಧಿಯನ್ನೂ ಬಳಸುತ್ತಾರೆ.' 'ಬೋರ್ಡೋ ಹೊಡೆದರೂ ಕೆಲವೊಮ್ಮೆ ಕೊಳೆ ಬರಬಹುದು.'

ಮೊದಲನೆಯದು 'ಬಹುಮಟ್ಟಿಗೆ' ಅನ್ನುವುದನ್ನು ನುಂಗಿಬಿಟ್ಟಿದೆ. ಎರಡನೆಯದರ ಮಾತೇ ಪ್ಯಾಸೇಜ್‌ನಲ್ಲಿ ಇಲ್ಲ. ನೀವು ಜಾರುವುದು ಮೂರನೆಯದರಲ್ಲಿ ಅಂತ ನನ್ನ ಅನುಮಾನ, ಯಾಕೆಂದರೆ ಅದು ಮೆತ್ತಗಿದೆ, ಮೇಲಾಗಿ ನಿಮ್ಮ ಮನೆಯ ತೋಟದಲ್ಲಿ ಕಣ್ಣಾರೆ ಕಂಡದ್ದೂ ಆಗಿರಬಹುದು, ಆದರೆ ಕೊಟ್ಟ ಎರಡು ವಾಕ್ಯಗಳಲ್ಲಿ ಅದು ಎಲ್ಲೂ ಇಲ್ಲ ಅಲ್ವಾ? ಉತ್ತರ ನಾಲ್ಕನೆಯದು.

ಇನ್ನು ನಿಮ್ಮ ಅಂಕ ಎಲ್ಲಿ ಹೋಯಿತು ಅಂದರೆ, ಕೆಲವು ಸಲ ಪ್ಯಾಸೇಜೇ ಗಟ್ಟಿಯಾಗಿ ಹೇಳಿರುತ್ತದೆ. ನಿಮ್ಮೂರಿನ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ ಅಂತ ಬರೆದಿದ್ದರೆ, 'ಮಾತ್ರ' ಇರುವ ಆಯ್ಕೆಯೇ ಸರಿ. ಪದ ಜೋರಾಗಿದೆಯಾ ಅಂತಲ್ಲ, ಅಷ್ಟೇ ಜೋರು ಪ್ಯಾಸೇಜ್‌ನಲ್ಲೂ ಇದೆಯಾ ಅಂತ ನೋಡಬೇಕು. ಆ ಸಾಲು ಕಣ್ಣಿಗೆ ಬೀಳದಿದ್ದರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಿ. ತಪ್ಪಾದರೆ ಕಾಲು ಅಂಕ ಕತ್ತರಿಸುತ್ತಾರೆ, ಸುಮ್ನೆ ಯಾಕೆ?

ಕನ್ನಡದ ಪ್ಯಾಸೇಜ್ ಬಂದರೆ ಕಷ್ಟ ಜಾಸ್ತಿ. ಇಂಗ್ಲಿಷ್‌ನಲ್ಲಿ ಓನ್ಲಿ ಅಂತ ಬೇರೆ ಪದ ನಿಂತಿರುತ್ತದೆ, ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಎಷ್ಟೋ ಸಲ ಅದು ಪದದ ಬಾಲಕ್ಕೆ ಅಂಟಿಕೊಂಡು ಕೂತಿರುತ್ತದೆ. 'ಮಳೆಯಿಂದ ಹಾಳಾಯಿತು' ಬೇರೆ, 'ಮಳೆಯಿಂದಲೇ ಹಾಳಾಯಿತು' ಬೇರೆ. 'ಯಾರೂ', 'ಎಲ್ಲೂ', 'ಎಂದೂ' ಇವುಗಳ ಕೊನೆಯ ಊಕಾರವೂ ಹಾಗೇ. ಮಾತಿನಲ್ಲಿ ನಾವು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. 'ಈ ವರ್ಷ ಯಾರ ತೋಟದಲ್ಲೂ ಫಸಲಿಲ್ಲ' ಅಂತ ಪೇಟೆಯಲ್ಲಿ ಯಾರೋ ಅಂದರೆ, ಎದುರಿಗಿದ್ದವರು ಯಾರ ಯಾರ ತೋಟ ಅಂತ ಎಣಿಸಲು ಕೂರುವುದಿಲ್ಲ. ಪರೀಕ್ಷೆಯಲ್ಲಿ ಎಣಿಸಬೇಕು.

ಅಂದ ಹಾಗೆ, ನಿಮ್ಮ ಪತ್ರದಲ್ಲೂ 'ಯಾವಾಗಲೂ ತಪ್ಪನ್ನೇ' ಅಂತಿದೆ. ಅದರ ಹಿಂದಿನ ಸಾಲಿನಲ್ಲಿ 10ಕ್ಕೆ 6 ಸರಿ ಅಂತ ನೀವೇ ಬರೆದಿದ್ದೀರಿ. ಆ ಆರರಲ್ಲಿ ಒಂದಾದರೂ ಎರಡು ಆಯ್ಕೆ ಉಳಿದಾಗ ಟಿಕ್ ಮಾಡಿದ್ದು ಇರಲಿಲ್ಲವಾ?